ಸೈಪ್ರಸ್‌ನಲ್ಲಿ ಒಂದೇ ದಿನ: ಟ್ರೂಡೋಸೋ, ಕೇಪ್ ಗ್ರೀಕೋನೋ?

ಎರಡೂ ರಾಷ್ಟ್ರೀಯ ಅರಣ್ಯ ಉದ್ಯಾನಗಳೇ, ಎರಡಕ್ಕೂ ಪ್ರವೇಶ ಶುಲ್ಕವಿಲ್ಲ. ಖರ್ಚೆಲ್ಲ ಓಡಾಟದ್ದು. ಕೇಪ್ ಗ್ರೀಕೋ ಭೂಶಿರ ಆಯಿಯಾ ನಾಪಾ ಎಂಬ ಕಡಲತೀರದ ಊರಿನ ಪಕ್ಕದಲ್ಲೇ ಇದೆ, ಬಸ್ಸಿನಲ್ಲೇ ಹೋಗಿಬರಬಹುದು. ಟ್ರೂಡೋಸ್ ಬೆಟ್ಟಕ್ಕೆ ಬಸ್ಸು ಕಡಿಮೆ. ಬಾಡಿಗೆ ಕಾರಿದ್ದರೆ ನಿಶ್ಚಿಂತೆ.

ಜುಲೈ, ಆಗಸ್ಟ್‌ನಲ್ಲಿ ನಡೆಯುವ ಆಸೆಯಿದ್ದರೆ ಟ್ರೂಡೋಸ್‌ಗೇ ಹೋಗಿ. 1,952 ಮೀಟರ್ ಎತ್ತರದ ಒಲಿಂಪಸ್ ಶಿಖರವನ್ನು ಸುತ್ತುವ ಆರ್ಟೆಮಿಸ್ ಹಾದಿ ಸುಮಾರು 7 ಕಿ.ಮೀ.; ಕರಿ ಪೈನ್ ಮರಗಳ ನೆರಳು, ತಂಪು ಗಾಳಿ. ಕಾಲಡಿಯ ಬಂಡೆಗಳು ಒಂದು ಕಾಲಕ್ಕೆ ಸಾಗರತಳದ ಆಳದಲ್ಲಿದ್ದವು! ಚಳಿಗಾಲದಲ್ಲಿ ಇಲ್ಲಿ ಹಿಮ ಬೀಳುತ್ತದೆ.

ಕೇಪ್ ಗ್ರೀಕೋದಲ್ಲಿ ನೆರಳಿಲ್ಲ, ಕುರುಚಲು ಜುನಿಪರ್ ಪೊದೆಗಳಷ್ಟೇ. ಆದರೆ ವಸಂತದ ಬೆಳಗಿನಲ್ಲಿ ಆ ಕಡಲ ಗುಹೆಗಳು, ನೀಲಿ ನೀರು! ಮಂಡಿನೋವಿನ ಹಿರಿಯರು ಜೊತೆಗಿದ್ದರೆ ನಾನಂತೂ ಇದನ್ನೇ ಹೇಳುತ್ತೇನೆ, ಏರು ಕಡಿಮೆ.