ಟೈರ್ ಹೊಸದು, ಸಸ್ಪೆನ್ಶನ್ ಹೊಸದು, ಬ್ರೇಕ್ ಫ್ಲೂಯಿಡ್ ಮಾತ್ರ ಹಳೆಯದು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಸೆಕೆಂಡ್ ಹ್ಯಾಂಡ್ ಸುಬಾರು ಬಿಆರ್‌ಝಡ್ ಅಥವಾ ಟೊಯೋಟಾ 86 ಕೊಂಡು, ಅದನ್ನು ಲಗುನಾ ಸೆಕಾ ರೇಸ್ ಟ್ರ್ಯಾಕ್‌ಗೆ ಸಜ್ಜು ಮಾಡುತ್ತಿರುವ ಕನ್ನಡಿಗರು ಮೊದಲು ಇದನ್ನು ಓದಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಅಲ್ಲಿ ಬ್ರೇಕ್ ಕೈಕೊಟ್ಟ ಒಂದು ಕಾರಿನ ಕಥೆ ಇದು. ಕಾರು 2013ರ ಬಿಆರ್‌ಝಡ್. ವರ್ಕ್‌ಶಾಪ್ ಬಿಲ್ಲಿನಲ್ಲಿದ್ದದ್ದು ಇಷ್ಟು: ಕಾಯಿಲ್‌ಓವರ್ ಸಸ್ಪೆನ್ಶನ್, 17 ಇಂಚು ವ್ಯಾಸದ ಅಗಲವಾದ ವೀಲ್, 245/40 ಅಳತೆಯ, ಹಿಡಿತ ಹೆಚ್ಚಿರುವ 200 ಟ್ರೆಡ್‌ವೇರ್ ಟೈರ್, ಎಕ್ಸಾಸ್ಟ್, ಹಿಂದಿನ ರೆಕ್ಕೆ, ಕೊನೆಯಲ್ಲಿ 'ಬ್ರೇಕ್ ಸರ್ವಿಸ್'. ಆ ಎರಡು ಪದಗಳ ಅರ್ಥ ಮುಂದಿನ ಎರಡು ಚಕ್ರಕ್ಕೆ ಟ್ರ್ಯಾಕ್ ಪ್ಯಾಡ್ ಹಾಕಿದ್ದೇವೆ ಎಂದಷ್ಟೇ. ಪೆಡಲ್‌ನ ಒತ್ತಡವನ್ನು ಚಕ್ರದ ಬ್ರೇಕ್‌ಗೆ ಒಯ್ಯುವ ದ್ರವವನ್ನು, ಅಂದರೆ ಫ್ಲೂಯಿಡ್ ಅನ್ನು, ಮುಟ್ಟಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಟ್ರ್ಯಾಕ್ ದಿನದ ಎರಡನೇ ಸೆಷನ್‌ನ ಕೊನೆಯಲ್ಲಿ ಪೆಡಲ್ ಸ್ವಲ್ಪ ಮೆತ್ತಗಾಗಿ, ಎಂದಿಗಿಂತ ಕೆಳಗೆ ಹೋಗುತ್ತಿತ್ತು. ಪ್ಯಾಡಾಕ್‌ನಲ್ಲಿ ಒಂದು ಗಂಟೆ ನಿಂತ ಮೇಲೆ ಮತ್ತೆ ಗಟ್ಟಿಯಾಯಿತು. 'ಸರಿಹೋಯ್ತು' ಎಂದು ಮೂರನೇ ಸೆಷನ್‌ಗೆ ಇಳಿಸಿದ್ದೇ ತಪ್ಪು. ಮುಖ್ಯ ಸ್ಟ್ರೇಟ್ ಮುಗಿದು, ಒಂದನೇ ತಿರುವಿನ ದಿಬ್ಬ ದಾಟಿ, ಆಂಡ್ರೆಟ್ಟಿ ಹೇರ್‌ಪಿನ್ ಎಂಬ ಎರಡನೇ ತಿರುವಿಗೆ ಇಳಿಯುವಲ್ಲಿ ವೇಗ ಸುಮಾರು 180 ಕಿ.ಮೀ. ಪೆಡಲ್ ಒತ್ತಿದರೆ ನೇರ ಕೆಳಗಿನ ಮ್ಯಾಟ್ ಮುಟ್ಟಿತು. ಕಾರು ಜಲ್ಲಿ ಹಾಸಿನೊಳಗೆ ಹೋಗಿ ನಿಂತಿತು. ಚಾಲಕನಿಗೆ ಏನೂ ಆಗಲಿಲ್ಲ. ಮುಂದಿನ ಬಂಪರ್, ರೇಡಿಯೇಟರ್, ಒಂದು ಲೋವರ್ ಆರ್ಮ್ ಹೋದವು.

ಕಾರಣ ಸರಳ. ಚಾಲಕನೂ ಸೇರಿ ಸುಮಾರು 1,330 ಕೆ.ಜಿ. ತೂಗುವ ಕಾರನ್ನು 180ರಿಂದ 80ಕ್ಕೆ ಇಳಿಸಲು 13 ಲಕ್ಷ ಜೌಲ್‌ಗೂ ಹೆಚ್ಚು ಶಕ್ತಿ ಶಾಖವಾಗಬೇಕು. ಅದರ ಬಹುಪಾಲು ಬೀಳುವುದು ಮುಂದಿನ ಎರಡು ಡಿಸ್ಕ್‌ಗಳ ಮೇಲೆ. ಡಾಟ್ 3 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕುದಿಯುವ ಕನಿಷ್ಠ ಮಟ್ಟ 205 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಮೇಲೆ 140. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಈ ಗ್ಲೈಕಾಲ್ ಫ್ಲೂಯಿಡ್‌ಗಳು ಗಾಳಿಯ ತೇವ ಹೀರುತ್ತಲೇ ಇರುತ್ತವೆ, ಕಾರು ಓಡಿಸದೆ ನಿಲ್ಲಿಸಿದ್ದರೂ ಅಷ್ಟೇ. ಕುದಿದಾಗ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ, ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಹಿಸುಕುವುದರಲ್ಲೇ ಮುಗಿಯುತ್ತದೆ. ತಣಿದರೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾದಂತೆ ಕಾಣುತ್ತದೆ. ಅದನ್ನು ನಂಬಬೇಡಿ. ಒಮ್ಮೆ ಕುದಿದ ಫ್ಲೂಯಿಡ್ ಮುಂದಿನ ಬಿಸಿಗೆ ಇನ್ನೂ ಬೇಗ ಕೈಕೊಡುತ್ತದೆ.

ಹೊಸ ಟೈರ್ ಇದನ್ನು ಹದಗೆಡಿಸಿತು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಹಿಡಿತ ಹೆಚ್ಚಿದಷ್ಟೂ ಬ್ರೇಕ್ ತಡವಾಗಿ, ಜೋರಾಗಿ ಒತ್ತುತ್ತೀರಿ, ಡಿಸ್ಕ್‌ಗೆ ತಣಿಯಲು ಸಿಗುವ ಸಮಯ ಕಡಿಮೆಯಾಗುತ್ತದೆ. ಟ್ರ್ಯಾಕ್ ಪ್ಯಾಡ್ ಹೆಚ್ಚು ಬಿಸಿಯಲ್ಲೂ ಕೆಲಸ ಮಾಡುವುದರಿಂದ ಮೊದಲಿನ ಹಾಗೆ ಪ್ಯಾಡ್ ಸೋತು ಎಚ್ಚರಿಸುವುದೂ ಇಲ್ಲ. ವ್ಯತ್ಯಾಸ ನೆನಪಿಡಿ: ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಫ್ಲೂಯಿಡ್ ಕುದಿದಿದೆ.

ಮೊದಲ ಖರ್ಚು ಆಗಬೇಕಿದ್ದದ್ದು ರೇಸ್ ಬ್ರೇಕ್ ಫ್ಲೂಯಿಡ್‌ನ ಎರಡು ಅರ್ಧ ಲೀಟರ್ ಬಾಟಲಿಗೆ. ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿಯಲ್ಲಿ ಕುದಿಯುತ್ತದೆ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ತುಟ್ಟಿ, ಆದರೆ ತೇವ ಹೀರಿದ ಮೇಲೂ 270ರವರೆಗೆ ತಾಳುತ್ತದೆ. ಹಳೆಯದು ಪೂರ್ತಿ ಹೋಗುವವರೆಗೆ ನಾಲ್ಕೂ ಕ್ಯಾಲಿಪರ್‌ನಿಂದ (ಪ್ಯಾಡ್ ಅನ್ನು ಡಿಸ್ಕ್‌ಗೆ ಒತ್ತುವ ಭಾಗ) ತೆಗೆಯಿರಿ, ಇದೇ ಬ್ಲೀಡ್ ಮಾಡುವುದು. ಯಾವ ಚಕ್ರ ಮೊದಲು ಎಂಬುದಕ್ಕೆ ಆ ಕಾರಿನ ಸರ್ವಿಸ್ ಮ್ಯಾನುಯಲ್ ನೋಡಿ, 'ದೂರದ್ದು ಮೊದಲು' ಎಂಬ ಮಾತು ಎಲ್ಲ ಕಾರಿಗೂ ಹೊಂದುವುದಿಲ್ಲ. ಡಾಟ್ 5 ಸಿಲಿಕೋನ್ ಫ್ಲೂಯಿಡ್ ಹಾಕಲೇಬೇಡಿ. ಅದು ಡಾಟ್ 5.1 ಅಲ್ಲ, ಹೆಸರು ಹತ್ತಿರ ಅಷ್ಟೇ. ಪ್ಯಾಡ್ ನಾಲ್ಕೂ ಚಕ್ರಕ್ಕೆ ಒಂದೇ ಜಾತಿಯದಿರಲಿ, ಮುಂದಕ್ಕೆ ಮಾತ್ರ ಹಾಕಿದರೆ ಬ್ರೇಕ್ ಸಮತೋಲನ ಇನ್ನಷ್ಟು ಮುಂದಕ್ಕೆ ವಾಲಿ ಅಲ್ಲೇ ಶಾಖ ಹೆಚ್ಚುತ್ತದೆ. ಅದಾದ ಮೇಲೆ ಮುಂದಿನ ಬಂಪರ್‌ನಿಂದ ಡಿಸ್ಕ್‌ನ ನಡುವಿಗೆ ಗಾಳಿ ತರುವ 3 ಇಂಚಿನ ಹೋಸ್. ದೊಡ್ಡ ಕ್ಯಾಲಿಪರ್ ಕಿಟ್ ಮೂರನೆಯ ಮಾತು.

ಓಡಿಸುವಾಗ ಸ್ಟ್ರೇಟ್‌ನಲ್ಲೇ ಎಡಗಾಲಿನಿಂದ ಪೆಡಲ್ ಹಗುರಾಗಿ ಮುಟ್ಟಿ ಎತ್ತರ ನೋಡಿ. ಕೆಳಗೆ ಹೋದರೆ ಎರಡು ಮೂರು ಸಲ ಬೇಗಬೇಗ ಒತ್ತಿ, ಕೈ ಎತ್ತಿ ಪಿಟ್‌ಗೆ ಬನ್ನಿ, ಆ ದಿನ ಬ್ಲೀಡ್ ಮಾಡದೆ ಮತ್ತೆ ಇಳಿಸಬೇಡಿ. ಕೊನೆಯ ಲ್ಯಾಪ್ ಬ್ರೇಕ್ ಮುಟ್ಟದಷ್ಟು ನಿಧಾನಕ್ಕೆ ಮುಗಿಸಿ. ನಿಲ್ಲಿಸಿದ ಮೇಲೆ ಪೆಡಲ್ ಮೇಲೆ ಕಾಲಿಡಬೇಡಿ, ಕಾದ ಡಿಸ್ಕ್ ಮೇಲೆ ಪ್ಯಾಡ್‌ನ ಅಚ್ಚು ಬೀಳುತ್ತದೆ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಜಲ್ಲಿಯಿಂದ ಎತ್ತಿ ತಂದ ಕಾರನ್ನು ಲಿಫ್ಟ್‌ಗೆ ಏರಿಸಿದಾಗ ಇನ್ನೊಂದು ಅನಾಹುತ ಕಾದು ಕೂತಿದ್ದದ್ದು ಕಂಡಿತು. ಎರಡು ವೀಲ್ ನಟ್ ಪೂರ್ತಿ ಕೂತಿರಲಿಲ್ಲ, ಸ್ಟಡ್‌ನ ಥ್ರೆಡ್ ಉಜ್ಜಿಹೋಗಿತ್ತು. ಟೊಯೋಟಾ ಕಾರುಗಳ ನಟ್ ಸಾಮಾನ್ಯವಾಗಿ 12×1.5 ಥ್ರೆಡ್, ಅಂದರೆ ಸ್ಟಡ್ 12 ಮಿ.ಮೀ. ದಪ್ಪ, ಸುತ್ತುಗಳ ನಡುವೆ 1.5 ಮಿ.ಮೀ. ಆದರೆ 86ರ ಮೈ ಸುಬಾರುವಿನದು, ಅದಕ್ಕೂ ಬಿಆರ್‌ಝಡ್‌ಗೂ ಬೇಕಾದದ್ದು 12×1.25. ಡಬ್ಬಿಯ ಮೇಲೆ 'ಟೊಯೋಟಾ' ಎಂದಿದ್ದರೆ ಸಾಲದು. ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಬೇಕು, ಇಂಪ್ಯಾಕ್ಟ್ ಗನ್ ಹಿಡಿದು ಬಲವಂತ ಮಾಡಬಾರದು. ಟಾರ್ಕ್ 120 ನ್ಯೂಟನ್ ಮೀಟರ್, ಚಕ್ರ ತಣಿದ ಮೇಲೆ ಪ್ರತಿ ಸೆಷನ್ ನಡುವೆ ಮತ್ತೆ ನೋಡಿ. ವೀಲ್ ಕೂರುವ ಹಬ್‌ನ ವ್ಯಾಸ 56.1 ಮಿ.ಮೀ., ನಡುವಿನ ರಂಧ್ರ ಅದಕ್ಕಿಂತ ದೊಡ್ಡದಿರುವ ವೀಲ್ ಆದರೆ ಅಲ್ಯೂಮಿನಿಯಂ ರಿಂಗ್ ಹಾಕಿ. ಪ್ಲಾಸ್ಟಿಕ್ ರಿಂಗ್ ಟ್ರ್ಯಾಕ್ ಬಿಸಿಗೆ ಕರಗುತ್ತದೆ.

ಆಯಿಲ್ ಕೂಲರ್ ಸಹ ಇರಲಿಲ್ಲ. ಈ 2 ಲೀಟರ್ ಮಲಗಿದ ಎಂಜಿನ್‌ನಲ್ಲಿ ಸೆಕೆಯ ದಿನ ಆಯಿಲ್ 130 ಡಿಗ್ರಿ ದಾಟುವುದು ಹೊಸದೇನಲ್ಲ, ಕಾರ್ಖಾನೆಯ ತೆಳು 0ಡಬ್ಲ್ಯು-20 ಆಯಿಲ್ ಆಗ ನೀರಾಗುತ್ತದೆ. ಆಯಿಲ್ ಫಿಲ್ಟರ್‌ಗೂ ಎಂಜಿನ್‌ಗೂ ನಡುವೆ ಕೂರುವ, ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ ಸಮೇತ ಕೂಲರ್ ಹಾಕಿಸಿ, ಹೋಸ್ ಎಲ್ಲೂ ಉಜ್ಜದಂತೆ ಕಟ್ಟಿಸಿ, ಕೂಲರ್ ತುಂಬಿದ ಮೇಲೆ ಮಟ್ಟ ಮತ್ತೆ ಅಳೆಯಿರಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆದರೆ ಬೇರಿಂಗ್ ಹೋಗುತ್ತದೆ. ಆದ್ದರಿಂದ ಆಯಿಲ್ ಮಟ್ಟವನ್ನು ಡಿಪ್‌ಸ್ಟಿಕ್‌ನ ಎರಡು ಗುರುತಿನಲ್ಲಿ ಮೇಲಿನದಕ್ಕಿಂತ ಕೆಳಗೆ ಬಿಡಬೇಡಿ, ಒತ್ತಡದ ಗೇಜ್ ಇರಲಿ. ಡ್ಯಾಶ್‌ಬೋರ್ಡ್‌ನ ಕೆಂಪು ದೀಪ ಹೊತ್ತಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ.

ಎಕ್ಸಾಸ್ಟ್‌ಗೆ ಸುರಿದ ಹಣದ ಬಗ್ಗೆ ಹೇಳುವುದಾದರೆ, ಲಗುನಾ ಸೆಕಾದಲ್ಲಿ ಹೆಚ್ಚಿನ ಟ್ರ್ಯಾಕ್ ದಿನಗಳಿಗೆ ಶಬ್ದದ ಮಿತಿ 90 ಡೆಸಿಬೆಲ್ ಇರುತ್ತದೆ, ಮೀರಿದರೆ ಕಪ್ಪು ಬಾವುಟ ತೋರಿಸಿ ಪಿಟ್‌ಗೆ ಕರೆಯುತ್ತಾರೆ.

ದುರಸ್ತಿಯ ಬಿಲ್ ಕೈಯಿಂದಲೇ ಹೋಯಿತು. ಸಾಮಾನ್ಯ ವಿಮೆಯ ಪಾಲಿಸಿಗಳಲ್ಲಿ ರೇಸ್ ಟ್ರ್ಯಾಕ್ ಮೇಲಿನ ಹಾನಿಯನ್ನು ಹೊರಗಿಡುವ ಷರತ್ತು ಹೆಚ್ಚಾಗಿ ಇರುತ್ತದೆ, ದಿನದ ಲೆಕ್ಕದ ಟ್ರ್ಯಾಕ್ ವಿಮೆ ಬೇರೆ ಕೊಳ್ಳಬೇಕು. ವರ್ಕ್‌ಶಾಪ್ ಮೇಲೆ ದೂರಲೂ ಬರಲಿಲ್ಲ: ಟ್ರ್ಯಾಕ್ ದಿನದ ತಪಾಸಣೆಯ ಹಾಳೆಯಲ್ಲಿ 'ಬ್ರೇಕ್ ಫ್ಲೂಯಿಡ್ ಹೊಸದು' ಎಂಬ ಸಾಲಿಗೆ ಗುರುತು ಹಾಕಿ ಸಹಿ ಮಾಡಿದ್ದವನು ಕಾರಿನ ಮಾಲೀಕನೇ.