ಮಿನಿ-ಕಾಗ್: ಮೂರು ನಿಮಿಷದ ಮರೆವಿನ ತಪಾಸಣೆ ಎಷ್ಟು ಉಪಯುಕ್ತ?

ಹಿರಿಯರಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರಬಹುದೇ ಎಂದು ಮೊದಲ ಸುತ್ತಿನಲ್ಲಿ ಸೋಸಿ ನೋಡಲು ಮಿನಿ-ಕಾಗ್‌ಗಿಂತ ಹಗುರವಾದ ಸಾಧನ ಸಿಗುವುದು ಕಷ್ಟ. ಬೇಕಾದದ್ದು ಕಾಗದ, ಪೆನ್ನು, ಸದ್ದಿಲ್ಲದ ಕೋಣೆ.

ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದ ಹೇಳಿ, ತಿರುಗಿ ಹೇಳಿಸಿ. ಆಮೇಲೆ ಗಡಿಯಾರ ಬರೆಸಿ, ಮುಳ್ಳು 11 ಗಂಟೆ 10 ನಿಮಿಷಕ್ಕೆ ಇಡಿಸಿ. ಗಡಿಯಾರ ಮುಗಿದ ಮೇಲೆ, ಇಲ್ಲವೇ ಮೂರು ನಿಮಿಷದಲ್ಲಿ ಮುಗಿಯದಿದ್ದರೆ ಅಲ್ಲಿಗೇ ಬಿಟ್ಟು, ಆ ಮೂರು ಪದಗಳನ್ನು ಮತ್ತೆ ಕೇಳಿ. ನೆನಪಾದ ಪ್ರತಿ ಪದಕ್ಕೆ 1 ಅಂಕ, ಸರಿಯಾದ ಗಡಿಯಾರಕ್ಕೆ 2, ಅರ್ಧಂಬರ್ಧಕ್ಕೆ ಸೊನ್ನೆ. ಮುಳ್ಳಿನ ಉದ್ದ ಲೆಕ್ಕಕ್ಕಿಲ್ಲ. ಒಟ್ಟು 3ಕ್ಕಿಂತ ಕಡಿಮೆಯಾದರೆ ಮುಂದಿನ ತಪಾಸಣೆ ಬೇಕು.

ಇದರ ದೊಡ್ಡ ಕೊರತೆ ಗಡಿಯಾರವೇ. ಶಾಲೆ ಮೆಟ್ಟಿಲು ಹತ್ತದ, ಪೆನ್ನು ಹಿಡಿದು ರೂಢಿಯಿಲ್ಲದ ಅಜ್ಜಿಗೆ ಮೆದುಳು ಚೆನ್ನಾಗಿದ್ದರೂ ಅಂಕ ಹೋಗುತ್ತದೆ. ಕನ್ನಡಕ, ಶ್ರವಣಯಂತ್ರ ಹಾಕಿಸದೆ ಪರೀಕ್ಷಿಸಿದರೂ ಅದೇ ಗತಿ. ಪಕ್ಕದಲ್ಲಿ ಕೂತ ಮಗ ಪಿಸುಗುಟ್ಟಿದರೆ ಉಲ್ಟಾ ತಪ್ಪು, ಅಂಕ ಸುಳ್ಳೇ ಏರುತ್ತದೆ. ಮನೆಯವರನ್ನು ಹೊರಗೆ ಕೂರಿಸಿ, ಆದರೆ ಮಾತಾಡಿಸದೆ ಬಿಡಬೇಡಿ. ಹಣದ ಲೆಕ್ಕ, ಮಾತ್ರೆ, ಪರಿಚಿತ ದಾರಿ ಯಾವಾಗಿನಿಂದ ತಪ್ಪುತ್ತಿವೆ ಎಂಬ ಅವರ ಉತ್ತರ ಅಂಕಕ್ಕಿಂತ ಹೆಚ್ಚು ಹೇಳುತ್ತದೆ.

ಕಡಿಮೆ ಅಂಕ ರೋಗನಿರ್ಣಯವಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಮಾತ್ರೆ ಕೂಡ ಹೀಗೇ ಮಾಡುತ್ತವೆ. ಎರಡು ದಿನದಲ್ಲಿ ದಿಢೀರ್ ಗೊಂದಲ ಶುರುವಾಗಿದ್ದರೆ ಗಡಿಯಾರ ಬರೆಸುತ್ತಾ ಕೂರಬೇಡಿ, ಸೋಂಕು ಅಥವಾ ಪಾರ್ಶ್ವವಾಯು ಇರಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.