ಮಿದುಳಿನ ಟ್ರೇಸ್ ಅಮೀನ್ ಅಳೆಯಲು: ಇಸಿಡಿಯೋ, ಮಾಸ್ ಸ್ಪೆಕ್ಟ್ರೋಮೀಟರೋ?

ಟ್ರೇಸ್ ಅಮೀನ್ ಎಂದರೆ ಮಿದುಳಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಟೈರಮೀನ್, ಆಕ್ಟೋಪಮೀನ್, ಫಿನೈಲ್‌ಈಥೈಲಮೀನ್‌ನಂಥ ಅಮೀನ್‌ಗಳು. ಮೊದಲ ಎರಡು ಮಾತ್ರ ಬೇಕಿದ್ದರೆ ಎಚ್‌ಪಿಎಲ್‌ಸಿಗೆ (ದ್ರಾವಣದ ಘಟಕಗಳನ್ನು ಬೇರ್ಪಡಿಸುವ ಉಪಕರಣ) ಜೋಡಿಸಿದ ಎಲೆಕ್ಟ್ರೋಕೆಮಿಕಲ್ ಡಿಟೆಕ್ಟರ್ (ಇಸಿಡಿ) ನಡೆಯುತ್ತದೆ. ಎರಡರಲ್ಲೂ ವೋಲ್ಟೇಜ್ ಕೊಟ್ಟಾಗ ಆಕ್ಸಿಡೀಕರಣವಾಗಿ ಇಸಿಡಿಗೆ ಕಾಣುವ ಫೀನಾಲ್ ಗುಂಪಿದೆ. ಆದರೆ ಡೋಪಮೀನ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು, ಬೇಸ್‌ಲೈನ್ ಗದ್ದಲವೂ ಜೊತೆಗೇ ಏರುತ್ತದೆ. ಫಿನೈಲ್‌ಈಥೈಲಮೀನ್‌ನಲ್ಲಿ ಆ ಗುಂಪೇ ಇಲ್ಲ. ಡೆರಿವೇಟೈಸ್ ಮಾಡದೆ (ಇಸಿಡಿಗೆ ಕಾಣುವ ಗುಂಪೊಂದನ್ನು ಅಂಟಿಸದೆ) ಇಸಿಡಿಗೆ ಕಾಣುವುದಿಲ್ಲ.

ಅದಕ್ಕೆ ಎಲ್‌ಸಿ-ಎಂಎಸ್/ಎಂಎಸ್ (ಬೇರ್ಪಡಿಸಿದ ಅಣುಗಳನ್ನು ಅಯಾನಾಗಿಸಿ, ಒಡೆದು, ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್) ಲೇಸು: ಅಯಾನಿನ ದ್ರವ್ಯರಾಶಿ-ವಿದ್ಯುದಂಶ ಅನುಪಾತ 122ರಿಂದ 105ಕ್ಕೆ, ಅಂದರೆ ಅಮೋನಿಯಾ ಕಳಚುವ ಜಾಡು. ಡ್ಯೂಟೀರಿಯಂ ಗುರುತಿನ ಸ್ಟ್ಯಾಂಡರ್ಡನ್ನು ಅಂಗಾಂಶ ಅರೆಯುವ ಮೊದಲೇ ಸೇರಿಸಿ, ಇಲ್ಲವಾದರೆ ಅಯಾನ್ ಸಪ್ರೆಶನ್ (ಮಾದರಿಯ ಇತರ ವಸ್ತುಗಳು ಸಿಗ್ನಲ್ ಕುಗ್ಗಿಸುವುದು) ಗೊತ್ತೇ ಆಗುವುದಿಲ್ಲ. ಇಸಿಡಿಗೆ ಒಗ್ಗುವ 0.1 ಮೋಲಾರ್ ಪರ್ಕ್ಲೋರಿಕ್ ಆಮ್ಲ ಇಲ್ಲಿ ಸಿಗ್ನಲ್ ನುಂಗುತ್ತದೆ. ಫಾರ್ಮಿಕ್ ಆಮ್ಲ ಬೆರೆಸಿದ ಅಸಿಟೋನೈಟ್ರೈಲ್ ಹಾಕಿ.

ಯಾವುದನ್ನೇ ಆರಿಸಿದರೂ ಮಿದುಳು ತೆಗೆದ ಕೂಡಲೇ ದ್ರವ ಸಾರಜನಕಕ್ಕೆ. ಎಂಎಒ-ಬಿ ಕಿಣ್ವ ಫಿನೈಲ್‌ಈಥೈಲಮೀನನ್ನು ಬಹಳ ಬೇಗ ಮುಗಿಸುತ್ತದೆ. ಹಾಗಾಗಿ ಮಟ್ಟ ಕಡಿಮೆಯೆಂದರೆ ತಯಾರಿ ಕಡಿಮೆ ಎಂದಲ್ಲ. ಆ ಕಿಣ್ವವನ್ನು ತಡೆಯುವ ಡೆಪ್ರೆನಿಲ್ ಕೊಟ್ಟ ಒಂದು ಗುಂಪನ್ನೂ ಇಟ್ಟು ನೋಡಿ.